ಮೊದಲ ಟೈಲ್ ಎಲ್ಲಿ? ನಕ್ಷೆಯಲ್ಲಿ ಪ್ಯಾಟರ್ನ್ ಮತ್ತು ಹ್ಯಾಚ್ ಸರಿಯಾಗಿ ಕೂರಿಸುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆಗೆ ನೆಲದ ಟೈಲ್ಸ್ ನಕ್ಷೆ ಕೊಟ್ಟಿದ್ದೆ. ಎರಡು ಹಾಳೆ. ಒಂದರಲ್ಲಿ ಇಡೀ ಮನೆ, 1:100 ಸ್ಕೇಲ್. ಇನ್ನೊಂದರಲ್ಲಿ ಹಾಲ್ ಮಾತ್ರ, 1:50. ಮೇಸ್ತ್ರಿ ಎರಡನ್ನೂ ಸಿಮೆಂಟ್ ಚೀಲದ ಮೇಲೆ ಹರಡಿಕೊಂಡು ಬೆರಳಿಟ್ಟು ಚೌಕ ಎಣಿಸಿದರು. ಒಂದರಲ್ಲಿ ಹಾಲಿನ ಅಗಲಕ್ಕೆ 6 ಚೌಕ, ಇನ್ನೊಂದರಲ್ಲಿ 12. "ಸಾರ್, ಇದ್ರಾಗೆ ಯಾವ್ದನ್ನ ನಂಬಾಣ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಫ್ಟ್‌ವೇರ್ ತಪ್ಪು ಅಂತ ಹೇಳಿ ಜಾರಿಕೊಂಡೆ. ಸುಳ್ಳು, ತಪ್ಪು ನನ್ನದೇ.

ನಾವು ಹ್ಯಾಚ್ (ಟೈಲ್, ಇಟ್ಟಿಗೆ ತೋರಿಸಲು ತುಂಬುವ ಗೆರೆಗಳು) ಹಾಕುವುದು ನಕ್ಷೆ ಚೆಂದ ಕಾಣಲಿ ಅಂತ. ಮೇಸ್ತ್ರಿ ಅದನ್ನು ಓದುವುದು ಮೊದಲ ಟೈಲ್ ಎಲ್ಲಿಡಬೇಕು ಅಂತ. ಆ ಗೆರೆಗಳು ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಅವರು ತಮಗೆ ತೋಚಿದಲ್ಲಿ ಶುರು ಮಾಡುತ್ತಾರೆ. ಅವರದೇನೂ ತಪ್ಪಿಲ್ಲ. ಇಲ್ಲಿ ಜಾಸ್ತಿ ಹೇಳುವುದು ರೆವಿಟ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಬಗ್ಗೆ. ಆಮೇಲೆ ಆಟೋಕ್ಯಾಡ್. ಸ್ಕೆಚ್‌ಅಪ್ ಬಗ್ಗೆ ಒಂದೆರಡು ಮಾತು.

ಮೌಸ್ ಮುಟ್ಟುವ ಮೊದಲು ಲೆಕ್ಕ

ನಮ್ಮ ಕಡೆ ಸೈಟು, ರೂಮು ಎಲ್ಲ ಅಡಿಯಲ್ಲಿ. 30×40 ಸೈಟು, 12×14 ರೂಮು. ಟೈಲನ್ನೂ "ಎರಡು ಬೈ ಎರಡು" ಅಂತಲೇ ಕರೆಯುತ್ತೇವೆ. ಆದರೆ ಆ ಟೈಲ್ ಎರಡು ಅಡಿ ಇರುವುದಿಲ್ಲ. ಎರಡು ಅಡಿ ಅಂದರೆ 609.6 ಮಿ.ಮೀ. ಟೈಲ್ 600 ಮಿ.ಮೀ. ಪ್ರತಿ ಟೈಲಿಗೂ ಒಂದು ಸೆಂಟಿಮೀಟರಿನಷ್ಟು ಸಾಲ ಉಳಿಯುತ್ತದೆ. ಅದು ಗೋಡೆ ಹತ್ತಿರ ಹೋಗಿ ಒಟ್ಟಿಗೆ ವಸೂಲಾಗುತ್ತದೆ.

12 ಅಡಿ ರೂಮನ್ನೇ ನೋಡಿ. ಇಟ್ಟಿಗೆಯಿಂದ ಇಟ್ಟಿಗೆಗೆ 3658 ಮಿ.ಮೀ. ಎರಡೂ ಕಡೆ 12 ಮಿ.ಮೀ. ಪ್ಲಾಸ್ಟರ್ ಕಳೆದರೆ 3634. ಟೈಲುಗಳ ನಡುವೆ ಸಂದು ಬಿಡಲು 2 ಮಿ.ಮೀ. ಸ್ಪೇಸರ್ ಇಟ್ಟರೆ ಒಂದು ಟೈಲಿನ ಜಾಗ 602. ಆರು ಟೈಲಿಗೆ 3612. ಉಳಿದದ್ದು 22 ಮಿ.ಮೀ.! ಮೂಲೆಯಿಂದ ಶುರು ಮಾಡಿದರೆ ಎದುರು ಗೋಡೆಗೆ ಎರಡು ಬೆರಳಿನಷ್ಟೂ ಅಗಲವಿಲ್ಲದ ಪಟ್ಟಿ ಬರುತ್ತದೆ. ಅದನ್ನು ಕಟ್ ಮಾಡುವಾಗಲೇ ಅರ್ಧ ಒಡೆಯುತ್ತದೆ. ಕೂತರೂ ನೋಡಲಾಗುವುದಿಲ್ಲ, ಸ್ಕರ್ಟಿಂಗ್ ಕೂಡ ಮುಚ್ಚುವುದಿಲ್ಲ.

ಇದಕ್ಕೆ ಹಳೆಯ, ಸುಲಭದ ದಾರಿ ಇದೆ. ರೂಮಿನ ನಡುಗೆರೆ ಹಿಡಿಯಿರಿ. ಆ ಗೆರೆಯ ಮೇಲೆ ಒಂದೋ ಟೈಲಿನ ಸಂದು ಬರಬೇಕು, ಇಲ್ಲವೇ ಟೈಲಿನ ನಟ್ಟನಡುವು ಬರಬೇಕು. ಎರಡನ್ನೂ ಲೆಕ್ಕ ಹಾಕಿ. ಎರಡರಲ್ಲಿ ಒಂದು ಯಾವಾಗಲೂ ಗೋಡೆ ಅಂಚಿಗೆ ಅರ್ಧ ಟೈಲ್ ಅಥವಾ ಅದಕ್ಕಿಂತ ದೊಡ್ಡ ತುಂಡನ್ನೇ ಕೊಡುತ್ತದೆ. ನಮ್ಮ ರೂಮಿನಲ್ಲಿ ನಡುಗೆರೆ ಮೇಲೆ ಸಂದು ಇಟ್ಟರೆ ಎರಡೂ ಕಡೆ 11 ಮಿ.ಮೀ. ಪಟ್ಟಿ. ಟೈಲಿನ ನಡುವು ಇಟ್ಟರೆ 5 ಪೂರ್ತಿ ಟೈಲ್, ಎರಡೂ ಕಡೆ ಸುಮಾರು 312 ಮಿ.ಮೀ. ತುಂಡು. ಯಾವುದು ಬೇಕು ಅಂತ ಕೇಳುವ ಅಗತ್ಯವೇ ಇಲ್ಲ, ಅಲ್ವಾ?

ಹಾಗಂತ ಎಲ್ಲ ಕಡೆಗೂ ನಡುಗೆರೆ ಬೇಕಿಲ್ಲ. ಬೆಡ್‌ರೂಮಿನಲ್ಲಿ ಒಂದು ಗೋಡೆ ಪೂರ್ತಿ ವಾರ್ಡ್‌ರೋಬ್ ಬರುವುದಾದರೆ ಬಾಗಿಲ ಕಡೆಯಿಂದ ಪೂರ್ತಿ ಟೈಲ್ ಶುರು ಮಾಡಿ, ತುಂಡನ್ನು ವಾರ್ಡ್‌ರೋಬ್ ಕೆಳಗೆ ತಳ್ಳಿಬಿಡಿ. ಹಾಲಿನಲ್ಲಿ ಮಾತ್ರ ಹಾಗೆ ಮಾಡಬೇಡಿ. ಮುಂಬಾಗಿಲಲ್ಲಿ ನಿಂತವರಿಗೆ ಇಡೀ ನೆಲ ಕಾಣುತ್ತದೆ.

ಇನ್ನೊಂದು ಮಾತು. 600 ಅಂತ ಬಾಕ್ಸ್ ಮೇಲೆ ಬರೆದಿದ್ದರೂ ಒಂದು ಬಾಕ್ಸ್ ತೆರೆಸಿ ಟೇಪ್ ಹಿಡಿದು ನೋಡಿ. ಒಂದೆರಡು ಮಿ.ಮೀ. ಕಮ್ಮಿ ಇದ್ದರೆ ಉದ್ದ ಹಾಲಿನಲ್ಲಿ ಅದು ಎದ್ದು ಕಾಣುತ್ತದೆ. ನೀವು ಅಳೆದದ್ದನ್ನೇ ಸಾಫ್ಟ್‌ವೇರಿಗೆ ಕೊಡಿ. ಹಳೇ ಮನೆಗಳ ಕೆಂಪು ಗಾರೆ ನೆಲಕ್ಕೆ ಈ ತಲೆನೋವೇ ಇರಲಿಲ್ಲ, ಬಿಡಿ.

ರೆವಿಟ್: ಡ್ರಾಫ್ಟಿಂಗ್ ಬೇಡ, ಮಾಡೆಲ್ ಬೇಕು

ನನ್ನ ಆ ಎರಡು ಹಾಳೆಯ ಕಥೆಗೆ ಕಾರಣ ಇದು. ರೆವಿಟ್‌ನಲ್ಲಿ ಫಿಲ್ ಪ್ಯಾಟರ್ನ್ ಎರಡು ಜಾತಿ. ಡ್ರಾಫ್ಟಿಂಗ್ ಪ್ಯಾಟರ್ನ್ ಕಾಗದದ ಅಳತೆಗೆ ಅಂಟಿಕೊಂಡಿರುತ್ತದೆ. ಸ್ಕೇಲ್ ಯಾವುದೇ ಇರಲಿ, ಹಾಳೆಯ ಮೇಲೆ ಗೆರೆಯಿಂದ ಗೆರೆಗೆ ಅಷ್ಟೇ ದೂರ. 1:100ರಿಂದ 1:50ಕ್ಕೆ ಬಂದರೆ ರೂಮು ಹಾಳೆಯಲ್ಲಿ ಎರಡು ಪಟ್ಟು ದೊಡ್ಡದಾಗುತ್ತದೆ, ಗೆರೆ ಹಾಗೇ ಇರುತ್ತದೆ. ಅದಕ್ಕೇ 6 ಚೌಕ 12 ಆಯಿತು. ಮಾಡೆಲ್ ಪ್ಯಾಟರ್ನ್ ಹಾಗಲ್ಲ. ಅದರ ಅಳತೆ ನಿಜವಾದ ಅಳತೆ. 602 ಅಂದರೆ ಯಾವ ಹಾಳೆಯಲ್ಲೂ 602.

ಇನ್ನೂ ಮುಖ್ಯ ವಿಷಯ: ಮಾಡೆಲ್ ಪ್ಯಾಟರ್ನಿನ ಗೆರೆಯನ್ನು ಹಿಡಿದು ಸರಿಸಬಹುದು, ತಿರುಗಿಸಬಹುದು, ಅದಕ್ಕೆ ಡೈಮೆನ್ಷನ್ ಕೂಡ ಹಾಕಬಹುದು. ಡ್ರಾಫ್ಟಿಂಗ್ ಪ್ಯಾಟರ್ನಿನಲ್ಲಿ ಇದು ಯಾವುದೂ ಆಗುವುದಿಲ್ಲ. ಸೆಕ್ಷನ್‌ನಲ್ಲಿ ಕತ್ತರಿಸಿದ ಕಾಂಕ್ರೀಟ್, ಮಣ್ಣು ತೋರಿಸಲು ಡ್ರಾಫ್ಟಿಂಗ್ ಇರಲಿ. ಟೈಲ್, ಇಟ್ಟಿಗೆ, ಫಾಲ್ಸ್ ಸೀಲಿಂಗ್‌ಗೆ ಮಾಡೆಲ್.

ಮಾಡುವುದು ಹೀಗೆ. ಮ್ಯಾನೇಜ್ ಟ್ಯಾಬ್‌ನಲ್ಲಿ ಅಡಿಷನಲ್ ಸೆಟ್ಟಿಂಗ್ಸ್, ಅದರೊಳಗೆ ಫಿಲ್ ಪ್ಯಾಟರ್ನ್ಸ್. ಅಲ್ಲಿ ಮಾಡೆಲ್ ಅಂತ ಆರಿಸಿ, ಹೊಸದು ಮಾಡಿ. ಕ್ರಾಸ್‌ಹ್ಯಾಚ್ ಆರಿಸಿ ಎರಡೂ ಲೈನ್ ಸ್ಪೇಸಿಂಗ್ 602 ಕೊಡಿ, ಕೋನ 0. ಎರಡು ಬೈ ನಾಲ್ಕು ಟೈಲ್ ಆದರೆ ಒಂದು 602, ಇನ್ನೊಂದು 1202. ಹೆಸರು ಕೊಡುವಾಗ ಅಳತೆಯನ್ನೂ ಸೇರಿಸಿ. ಆರು ತಿಂಗಳಾದ ಮೇಲೆ "ಟೈಲ್ ಹೊಸದು 2" ಅಂದರೆ ಏನು ಅಂತ ನಿಮಗೇ ಗೊತ್ತಾಗುವುದಿಲ್ಲ.

ಆಮೇಲೆ ಮಟೀರಿಯಲ್. ಇರುವ ಟೈಲ್ ಮಟೀರಿಯಲ್ ಅನ್ನು ಡೂಪ್ಲಿಕೇಟ್ ಮಾಡಿ, ಗ್ರಾಫಿಕ್ಸ್ ಟ್ಯಾಬ್‌ನಲ್ಲಿ ಸರ್ಫೇಸ್ ಪ್ಯಾಟರ್ನಿನ ಫೋರ್‌ಗ್ರೌಂಡ್‌ಗೆ ನಿಮ್ಮ ಪ್ಯಾಟರ್ನ್ ಕೊಡಿ. ಬ್ಯಾಕ್‌ಗ್ರೌಂಡ್‌ಗೆ ಮಾಡೆಲ್ ಪ್ಯಾಟರ್ನ್ ಕೂರುವುದಿಲ್ಲ. ಅಲ್ಲಿ ಹುಡುಕಿ ಸುಸ್ತಾಗಬೇಡಿ.

ಇನ್ನು ನೆಲ. ಸ್ಲ್ಯಾಬ್ ಬೇರೆ, ಫಿನಿಶ್ ಬೇರೆ ಫ್ಲೋರ್ ಆಗಿರಲಿ. ಫಿನಿಶ್ ಅನ್ನು ಪ್ಲಾಸ್ಟರಿನ ಮುಖದವರೆಗೆ ಬರೆಯಿರಿ, ಒಂದೊಂದು ರೂಮಿಗೆ ಒಂದೊಂದು. ಇಡೀ ಮನೆಗೆ ಒಂದೇ ಫ್ಲೋರ್ ಎಳೆದರೆ ಹಾಲಿನ ಗೆರೆ ಸರಿಸಿದಾಗ ಬೆಡ್‌ರೂಮಿನದೂ ಜೊತೆಗೇ ಹೋಗುತ್ತದೆ. ಹಾಲ್ ಮತ್ತು ಡೈನಿಂಗ್ ನಡುವೆ ಗೋಡೆ ಇಲ್ಲದಿದ್ದರೆ ಮಾತ್ರ ಎರಡಕ್ಕೂ ಒಂದೇ ಇರಲಿ. ಅಲ್ಲಿ ಗೆರೆ ಮುರಿಯಬಾರದು.

ಗೆರೆ ಹಿಡಿಯುವುದೇ ಕಸರತ್ತು

ಪ್ಲಾನ್ ವ್ಯೂ ತೆರೆಯಿರಿ. ವಿಶುವಲ್ ಸ್ಟೈಲ್ ಹಿಡನ್ ಲೈನ್ ಇರಲಿ. ವೈರ್‌ಫ್ರೇಮ್‌ನಲ್ಲಿ ಸರ್ಫೇಸ್ ಪ್ಯಾಟರ್ನ್ ಕಾಣುವುದೇ ಇಲ್ಲ. ಎಷ್ಟೋ ಜನ "ಹ್ಯಾಚ್ ಮಾಯ ಆಯ್ತು" ಅಂತ ಫೋನ್ ಮಾಡುವುದು ಇದೇ ಕಾರಣಕ್ಕೆ.

ಮೊದಲು ರೂಮಿನ ನಡುವೆ ರೆಫರೆನ್ಸ್ ಪ್ಲೇನ್, ಅಂದರೆ ಜೋಡಣೆಗೆ ಹಿಡಿಯುವ ಸಹಾಯಕ ಗೆರೆ, ಎಳೆಯಿರಿ. ಕೀಬೋರ್ಡಿನಲ್ಲಿ ಆರ್, ಪಿ ಒತ್ತಿದರೆ ಸಾಕು. ಎರಡೂ ಗೋಡೆಯಿಂದ ಡೈಮೆನ್ಷನ್ ಹಾಕಿ ಇಕ್ವಲ್ ಗುರುತು ಒತ್ತಿ. ಈಗ ಗೋಡೆ ಸರಿದರೂ ಪ್ಲೇನ್ ನಡುವೆಯೇ ಇರುತ್ತದೆ. ಅಡ್ಡಕ್ಕೂ ಇದೇ ರೀತಿ ಒಂದು.

ಆಮೇಲೆ ಎ, ಎಲ್ ಒತ್ತಿ. ಇದು ಅಲೈನ್. ಇಲ್ಲಿ ಕ್ರಮ ಮುಖ್ಯ: ಮೊದಲು ಕದಲದೇ ಇರಬೇಕಾದದ್ದನ್ನು ಒತ್ತಬೇಕು, ಅಂದರೆ ರೆಫರೆನ್ಸ್ ಪ್ಲೇನ್. ಆಮೇಲೆ ಬರಬೇಕಾದದ್ದು, ಅಂದರೆ ಟೈಲಿನ ಗೆರೆ. ಗೆರೆಯ ಮೇಲೆ ಮೌಸ್ ತಂದಾಗ ಇಡೀ ಫ್ಲೋರಿನ ಅಂಚೋ ಗೋಡೆಯೋ ಹೊಳೆಯುತ್ತದೆ. ಆಗ ಒತ್ತಬೇಡಿ. ಟ್ಯಾಬ್ ಕೀ ಒತ್ತುತ್ತಾ ಹೋಗಿ, ನಿಮಗೆ ಬೇಕಾದ ಆ ಒಂದು ಗೆರೆ ಮಾತ್ರ ನೀಲಿಯಾದಾಗ ಕ್ಲಿಕ್ ಮಾಡಿ. ಸಾಕಷ್ಟು ಜೂಮ್ ಮಾಡಿಕೊಂಡರೆ ಟ್ಯಾಬ್ ಒತ್ತುವ ಕೆಲಸ ಕಮ್ಮಿ.

ಈಗ ನಡುಗೆರೆ ಮೇಲೆ ಸಂದು ಬಂತು. ನಮಗೆ ಬೇಕಾದದ್ದು ಟೈಲಿನ ನಡುವು. ಅದೇ ಗೆರೆಯನ್ನು ಟ್ಯಾಬ್‌ನಿಂದ ಆರಿಸಿ, ಎಂ, ವಿ ಒತ್ತಿ, ಒಂದು ಕಡೆಗೆ ಮೌಸ್ ತೋರಿಸಿ 301 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅರ್ಧ ಟೈಲ್ ಸರಿಯಿತು. ಅಡ್ಡ ಗೆರೆಗೂ ಲೆಕ್ಕ ನೋಡಿ ಬೇಕಿದ್ದರೆ ಹೀಗೇ ಮಾಡಿ. ವಜ್ರದ ಆಕಾರದಲ್ಲಿ 45 ಡಿಗ್ರಿ ಬೇಕಾದರೆ ಗೆರೆ ಆರಿಸಿ ಆರ್, ಒ. ಮೊದಲು ತಿರುಗಿಸಿ, ಆಮೇಲೆ ಸರಿಸಿ. ಉಲ್ಟಾ ಮಾಡಿದರೆ ಎರಡು ಸಲ ಕೆಲಸ.

ಫಾಲ್ಸ್ ಸೀಲಿಂಗಿಗೂ ಇದೇ ಉಪಾಯ. ರಿಫ್ಲೆಕ್ಟೆಡ್ ಸೀಲಿಂಗ್ ಪ್ಲಾನಿನಲ್ಲಿ ಗ್ರಿಡ್ ಗೆರೆ ಹಿಡಿದು ನಡುವಿಗೆ ತನ್ನಿ, ಆಮೇಲೆ ಲೈಟುಗಳನ್ನು ಆ ಗೆರೆಗಳಿಗೆ ಅಲೈನ್ ಮಾಡಿ.

ಬಾತ್‌ರೂಮಿನಲ್ಲಿ ಒಂದು ಹೆಜ್ಜೆ ಜಾಸ್ತಿ. ನೆಲಕ್ಕೆ 300×300, ಗೋಡೆಗೆ 300×600 ಟೈಲ್ ಅಂದುಕೊಳ್ಳಿ. ನೆಲದ ಸಂದು ಗೋಡೆ ಹತ್ತಿದಂತೆ ಕಾಣಬೇಕು. ಪ್ಲಾನಿನಲ್ಲಿ ನೆಲದ ಗೆರೆ ಕೂರಿಸಿದ ರೆಫರೆನ್ಸ್ ಪ್ಲೇನ್ ಎಲಿವೇಷನ್‌ನಲ್ಲೂ, ಅಂದರೆ ಗೋಡೆಯನ್ನು ಎದುರಿನಿಂದ ತೋರಿಸುವ ನಕ್ಷೆಯಲ್ಲೂ, ಕಾಣುತ್ತದೆ. ಗೋಡೆಯ ಗೆರೆಯನ್ನು ಅದಕ್ಕೇ ಅಲೈನ್ ಮಾಡಿ. ಗೋಡೆಯ ಒಂದು ಭಾಗಕ್ಕೆ ಮಾತ್ರ ಟೈಲ್ ಇದ್ದರೆ ಸ್ಪ್ಲಿಟ್ ಫೇಸ್ ಮಾಡಿ ಪೇಂಟ್ ಟೂಲ್‌ನಿಂದ ಮಟೀರಿಯಲ್ ಹಚ್ಚಿ.

ರೆಂಡರ್‌ನಲ್ಲಿ ಟೈಲಿನ ಚಿತ್ರ ಒಂದು ಕಡೆ, ಗೆರೆ ಇನ್ನೊಂದು ಕಡೆ ಬಂದರೆ ಮಟೀರಿಯಲ್‌ನ ಗ್ರಾಫಿಕ್ಸ್ ಟ್ಯಾಬ್‌ನಲ್ಲಿರುವ ಟೆಕ್ಸ್‌ಚರ್ ಅಲೈನ್‌ಮೆಂಟ್ ಒತ್ತಿ ಎರಡನ್ನೂ ಹೊಂದಿಸಿ. ಅದಕ್ಕೂ ಮೊದಲು ಚಿತ್ರದ ಅಳತೆ ನೋಡಿ. ಚಿತ್ರದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಹೀಗೆ ನಾಲ್ಕು ಟೈಲ್ ಇದ್ದರೆ ಅದರ ಅಳತೆ 1204, 602 ಅಲ್ಲ.

ಇಟ್ಟಿಗೆ ಗೋಡೆ, ಲಿಂಟಲ್, ಒಂದು ಮಿಲಿಮೀಟರ್

ಇತ್ತೀಚೆಗೆ ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆ ಕೇಳುವವರು ಜಾಸ್ತಿ. ಇಲ್ಲಿ ಹ್ಯಾಚ್ ಸುಮ್ನೆ ಹಾಕಿದರೆ ಕಿಟಕಿಯ ತಲೆಗೆ ಅರ್ಧ ಇಟ್ಟಿಗೆ ಬರುತ್ತದೆ. 75 ಮಿ.ಮೀ. ಇಟ್ಟಿಗೆ, 10 ಮಿ.ಮೀ. ಗಾರೆ ಅಂದರೆ ಒಂದು ವರಸೆ (ಇಟ್ಟಿಗೆಯ ಒಂದು ಸಾಲು) 85. ಲಿಂಟಲ್, ಅಂದರೆ ಕಿಟಕಿ ಮೇಲಿನ ತೊಲೆ, ಅದರ ತಳ 2100ರಲ್ಲಿ. 24 ವರಸೆಗೆ 2040, 25ಕ್ಕೆ 2125. ಎರಡೂ ಸರಿ ಹೋಗಲಿಲ್ಲ. ಈಗ ಗಾರೆಯನ್ನು 9 ಮಿ.ಮೀ. ಮಾಡಿ. ವರಸೆ 84. 25 ವರಸೆಗೆ ಸರಿಯಾಗಿ 2100. ಒಂದು ಮಿಲಿಮೀಟರ್ ಅಷ್ಟೆ! ನುರಿತ ಮೇಸ್ತ್ರಿಗೆ ಇದು ಕಷ್ಟವೇ ಅಲ್ಲ, ಕಟ್ಟಿಗೆಯ ಮೇಲೆ 84ಕ್ಕೊಂದು ಗುರುತು ಹಾಕಿಕೊಂಡು ಕಟ್ಟುತ್ತಾರೆ. ಆದರೆ ಅದನ್ನು ನಕ್ಷೆಯಲ್ಲಿ ಹೇಳಬೇಕಾದವರು ನಾವು.

ಇಂಥ ಸಾಲು ಬಿಟ್ಟು ಸಾಲು ಸರಿದ ಜೋಡಣೆಗೆ ಕ್ರಾಸ್‌ಹ್ಯಾಚ್ ಸಾಲದು. ಪ್ಯಾಟ್ ಫೈಲ್ ಬೇಕು. ಅದು ಪ್ಯಾಟರ್ನಿನ ಗೆರೆಗಳನ್ನು ಅಂಕಿಯಲ್ಲಿ ಹೇಳುವ, ನೋಟ್‌ಪ್ಯಾಡಿನಲ್ಲಿ ಬರೆಯಬಹುದಾದ ಸಾದಾ ಫೈಲ್. ಇಟ್ಟಿಗೆಯ ಉದ್ದ ಗಾರೆ ಸೇರಿ 240, ವರಸೆ 84 ಅಂದರೆ ಎರಡು ಸಾಲು ಸಾಕು:

0, 0,0, 0,84
90, 0,0, 84,120, 84,-84

ಪ್ರತಿ ಸಾಲಿನ ಮೊದಲ ಅಂಕಿ ಗೆರೆಯ ಕೋನ. ಮುಂದಿನ ಎರಡು ಅದು ಶುರುವಾಗುವ ಬಿಂದು. ಅದರ ಮುಂದಿನ ಎರಡರಲ್ಲಿ ಮೊದಲನೆಯದು ಮುಂದಿನ ಗೆರೆ ಉದ್ದಕ್ಕೆ ಎಷ್ಟು ಸರಿಯಬೇಕು ಅಂತ, ಎರಡನೆಯದು ಪಕ್ಕಕ್ಕೆ ಎಷ್ಟು ದೂರ ಅಂತ. ಕೊನೆಯಲ್ಲಿ 84 ಅಂದರೆ ಗೆರೆ ಎಳೆ, ಮೈನಸ್ 84 ಅಂದರೆ ಅಷ್ಟು ಬಿಡು. ಎರಡನೇ ಸಾಲು ಅರ್ಧ ಇಟ್ಟಿಗೆಗೊಂದು ನಿಂತ ಗೆರೆ ಎಳೆದು, ಒಂದು ಬಿಟ್ಟು ಒಂದು ಗೆರೆಯನ್ನು ಒಂದು ವರಸೆ ಮೇಲೆ ಏರಿಸುತ್ತದೆ.

ಇವುಗಳ ಮೇಲೆ ನಕ್ಷತ್ರ ಚಿಹ್ನೆ ಹಾಕಿ ಪ್ಯಾಟರ್ನಿನ ಹೆಸರು, ಅದರ ಕೆಳಗೆ ಇದು ಮಾಡೆಲ್ ಜಾತಿ ಎಂದು ಹೇಳುವ ಸಾಲು, ಫೈಲಿನ ತಲೆಯಲ್ಲಿ ಅಳತೆ ಮಿಲಿಮೀಟರ್ ಎಂದು ಹೇಳುವ ಸಾಲು ಇರಬೇಕು. ಈ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ, ರೆವಿಟ್ ಜೊತೆ ಬರುವ ಪ್ಯಾಟ್ ಫೈಲ್ ನೋಡಿ ಹಾಗೇ ಕಾಪಿ ಮಾಡಿ. ಜಾತಿ ಹೇಳದಿದ್ದರೆ ಮಾಡೆಲ್ ಪ್ಯಾಟರ್ನ್ ಇಲ್ಲಿ ಇಲ್ಲವೇ ಇಲ್ಲ ಅಂತ ರೆವಿಟ್ ಮುಖ ತಿರುಗಿಸುತ್ತದೆ. ಕೊನೆಯ ಸಾಲಿನ ನಂತರ ಒಂದು ಎಂಟರ್ ಒತ್ತಿ ಸೇವ್ ಮಾಡಿ. ಅದೊಂದು ಎಂಟರ್ ಮರೆತು ನಾನು ಒಂದು ಸಂಜೆ ಕಳೆದಿದ್ದೇನೆ.

ಎಲಿವೇಷನ್‌ನಲ್ಲಿ ಪ್ಯಾಟರ್ನಿನ ಅಡ್ಡ ಗೆರೆಯನ್ನು ಲಿಂಟಲ್ ತಳಕ್ಕೆ ಅಲೈನ್ ಮಾಡಿ. ಮೂಲೆಯಲ್ಲಿ ಸೇರುವ ಪಕ್ಕದ ಗೋಡೆಗೂ ಅದೇ ಮಟ್ಟ. ಆಮೇಲೆ ವಾಲ್ ಟೈಪ್ ಅಥವಾ ಮಟೀರಿಯಲ್ ಬದಲಿಸಿದರೆ ಜೋಡಣೆ ಹಾಗೇ ಇದೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ.

ಕಾಡುಕಲ್ಲಿನ ಗೋಡೆಗೆ ಮಾತ್ರ ಈ ಲೆಕ್ಕ ಎಲ್ಲ ಬಿಡಿ. ಚಿತ್ರದುರ್ಗದ ಕೋಟೆಗೆ ಹೋದಾಗ ಗೋಡೆ ಮುಂದೆ ಎರಡು ನಿಮಿಷ ನಿಲ್ಲಿ. ಒಂದು ಕಲ್ಲಿನಂತೆ ಇನ್ನೊಂದಿಲ್ಲ, ಪಕ್ಕದ ಕಲ್ಲು ನೋಡಿ ಈ ಕಲ್ಲು ಕಡೆದಿದ್ದಾರೆ. ಅದನ್ನು ಹ್ಯಾಚ್‌ನಲ್ಲಿ ತೋರಿಸಲು ಹೋದರೆ ಅದೇ ಐದಾರು ಕಲ್ಲು ಮತ್ತೆ ಮತ್ತೆ ಬಂದು ಗೋಡೆ ಬೆಡ್‌ಶೀಟ್ ಥರ ಕಾಣುತ್ತದೆ. ಮೂಲೆಯಲ್ಲಿ, ಬುಡದಲ್ಲಿ ಕೈಯಿಂದ ನಾಲ್ಕು ಕಲ್ಲು ಬರೆದು ಉಳಿದದ್ದನ್ನು ಖಾಲಿ ಬಿಡಿ. ಅದೇ ಚೆಂದ.

ಆಟೋಕ್ಯಾಡ್‌ನಲ್ಲಿ

ಇಲ್ಲಿ ಎಲ್ಲರೂ ಮಾಡುವುದು ನೆಟ್ ಅನ್ನುವ ಚೌಕಗಳ ಪ್ಯಾಟರ್ನ್ ಹಾಕಿ ಸ್ಕೇಲ್ ಊಹೆ ಮಾಡುವುದು. ಮೆಟ್ರಿಕ್ ಫೈಲಿನಲ್ಲಿ ನೆಟ್‌ನ ಗೆರೆ ದೂರ 3.175 ಮಿ.ಮೀ. 600 ಬೇಕಾದರೆ ಸ್ಕೇಲ್ 188.976. ಅದು ಯಾರಿಗೆ ನೆನಪಿರುತ್ತದೆ? ಅದರ ಬದಲು ಎಚ್ ಒತ್ತಿ ಎಂಟರ್, ಪ್ಯಾಟರ್ನ್ ಜಾತಿ ಯೂಸರ್ ಡಿಫೈನ್ಡ್, ಸ್ಪೇಸಿಂಗ್ 602, ಡಬಲ್ ಆನ್. ಚೌಕ ಟೈಲಿಗೆ ಇಷ್ಟೇ. ಆಯತದ ಟೈಲಿಗೆ ಡಬಲ್ ಬರುವುದಿಲ್ಲ, ಅದಕ್ಕೆ ಪ್ಯಾಟ್ ಫೈಲ್.

ಆಮೇಲೆ ಸೆಟ್ ಒರಿಜಿನ್. ಇದನ್ನು ಮುಟ್ಟದಿದ್ದರೆ ಗೆರೆಗಳು ನಿಮ್ಮ ರೂಮಿಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ 0,0 ಬಿಂದುವಿನಿಂದ ಶುರುವಾಗುತ್ತವೆ. ಸೆಟ್ ಒರಿಜಿನ್ ಒತ್ತಿ ಮೊದಲ ಟೈಲಿನ ಮೂಲೆಯಲ್ಲಿ ಕ್ಲಿಕ್ ಮಾಡಿ. ಹಲವು ರೂಮಿಗೆ ಒಟ್ಟಿಗೆ ಹಾಕುವಾಗ ಕ್ರಿಯೇಟ್ ಸೆಪರೇಟ್ ಹ್ಯಾಚಸ್ ಆನ್ ಇರಲಿ. ಇಲ್ಲದಿದ್ದರೆ ಎಲ್ಲ ಒಂದೇ ಗಂಟು. ಹಾಲಿನ ಗೆರೆ ಡೈನಿಂಗಿಗೂ ಹರಿಯಬೇಕಾದರೆ ಹ್ಯಾಚ್‌ನ ಮ್ಯಾಚ್ ಪ್ರಾಪರ್ಟೀಸ್‌ನಲ್ಲಿ ಯೂಸ್ ಸೋರ್ಸ್ ಹ್ಯಾಚ್ ಒರಿಜಿನ್ ಆರಿಸಿ. ಏನೇ ಆದರೂ ಹ್ಯಾಚನ್ನು ಎಕ್ಸ್‌ಪ್ಲೋಡ್ ಮಾಡಬೇಡಿ. ಸಾವಿರ ಬಿಡಿ ಗೆರೆ ಬೀಳುತ್ತವೆ, ನಾಳೆ ಗೋಡೆ ಸರಿದರೆ ಅಳುವವರು ನೀವೇ.

ಒಂದು ವಿಚಿತ್ರ ತೊಂದರೆ ಇದೆ. ಸರ್ವೆಯವರು ಟೋಟಲ್ ಸ್ಟೇಷನ್ ಉಪಕರಣದಿಂದ ಅಳೆದು ಕೊಡುವ ಫೈಲಿನಲ್ಲಿ ಸೈಟು ಯುಟಿಎಂ (ಭೂಮಿಯ ಮೇಲಿನ ಜಾಗವನ್ನು ಮೀಟರಿನಲ್ಲಿ ಹೇಳುವ ಲೆಕ್ಕ) ಪ್ರಕಾರದ ನಿಜವಾದ ಜಾಗದಲ್ಲಿರಬಹುದು. ದಾವಣಗೆರೆ ಆ ಲೆಕ್ಕದಲ್ಲಿ ಪೂರ್ವಕ್ಕೆ ಸುಮಾರು 6 ಲಕ್ಷ ಮೀಟರ್, ಉತ್ತರಕ್ಕೆ ಸುಮಾರು 16 ಲಕ್ಷ ಮೀಟರ್. ಮಿಲಿಮೀಟರ್ ಮಾಡಿದರೆ 60 ಕೋಟಿ, 160 ಕೋಟಿ. ಅಷ್ಟು ದೂರದಲ್ಲಿ ಹ್ಯಾಚ್ ಹಾಕಿದರೆ ಗೆರೆ ಒಡೆಯುತ್ತದೆ, ಕೆಲವು ಸಲ ಬರುವುದೇ ಇಲ್ಲ. ಕಂಪ್ಯೂಟರ್ ಹಾಳಾಗಿಲ್ಲ. ಒರಿಜಿನ್ ಅನ್ನು ಸೈಟಿನ ಹತ್ತಿರಕ್ಕೆ ತನ್ನಿ. ಇನ್ನೂ ಒಳ್ಳೆಯದು, ಮನೆಯನ್ನು 0,0 ಹತ್ತಿರ ಬೇರೆ ಫೈಲಿನಲ್ಲಿ ಬರೆದು ಸರ್ವೆ ಫೈಲಿಗೆ ಎಕ್ಸ್‌ರೆಫ್ ಮಾಡಿ, ಅಂದರೆ ಹೊರಗಿನ ಫೈಲಾಗಿ ಜೋಡಿಸಿ.

ಸ್ಕೆಚ್‌ಅಪ್ ಬಳಸುವವರಿಗೆ ಇಷ್ಟು: ಮಟೀರಿಯಲ್‌ನಲ್ಲಿ ಚಿತ್ರದ ಅಳತೆ ಮೊದಲು ಸರಿ ಮಾಡಿ. ಮುಖದ ಮೇಲೆ ರೈಟ್ ಕ್ಲಿಕ್, ಟೆಕ್ಸ್‌ಚರ್, ಪೊಸಿಷನ್. ಕೆಂಪು ಪಿನ್ ಎಳೆದು ಮೂಲೆಗೆ ಕೂರಿಸಿ, ಹಸಿರಿನಿಂದ ತಿರುಗಿಸಿ. ಹಸಿರು ಪಿನ್ ಅಳತೆಯನ್ನೂ ಬದಲಿಸುತ್ತದೆ, ಹುಷಾರು. ರೈಟ್ ಕ್ಲಿಕ್ ಮಾಡಿದಾಗ ಟೆಕ್ಸ್‌ಚರ್ ಅಂತ ಬರದಿದ್ದರೆ ನೀವು ಬಣ್ಣ ಹಚ್ಚಿರುವುದು ಗ್ರೂಪಿಗೆ, ಮುಖಕ್ಕಲ್ಲ. ಗ್ರೂಪಿನ ಒಳಗೆ ಹೋಗಿ ಹಚ್ಚಿ.

ಮೇಸ್ತ್ರಿಗೆ ಕೊಡುವ ಹಾಳೆ

ನಕ್ಷೆಯಲ್ಲಿ ರೂಮು ಯಾವಾಗಲೂ 90 ಡಿಗ್ರಿ. ಸೈಟಿನಲ್ಲಿ ಹಾಗಿರುವುದು ಅಪರೂಪ. ಪ್ಲಾಸ್ಟರ್ ಮುಗಿದ ಮೇಲೆ ಹೋಗಿ ಅಗಲವನ್ನು ಎರಡೂ ತುದಿಯಲ್ಲಿ ಅಳೆಯಿರಿ, ಎರಡೂ ಕರ್ಣ ಅಳೆಯಿರಿ. ಒಂದು ತುದಿ 3634, ಇನ್ನೊಂದು 3619 ಇದ್ದರೆ ಅದನ್ನೇ ಬರೆದು, ಹ್ಯಾಚನ್ನು ಎದ್ದು ಕಾಣುವ ಗೋಡೆಗೆ ಸಮವಾಗಿ ಹಿಡಿದು, ಓರೆಯನ್ನು ಎದುರು ಗೋಡೆಯ ತುಂಡುಗಳಿಗೆ ಬಿಡಿ. ತುಂಡು 30 ಸೆಂ.ಮೀ. ಇದ್ದರೆ 15 ಮಿ.ಮೀ. ಓರೆ ಕಣ್ಣಿಗೆ ಬೀಳುವುದಿಲ್ಲ. 22 ಮಿ.ಮೀ. ಪಟ್ಟಿಯಾಗಿದ್ದರೆ ಅದು ಒಂದು ತುದಿಯಲ್ಲಿ 7 ಮಿ.ಮೀ. ಆಗಿಬಿಡುತ್ತದೆ.

ಹಾಳೆಯಲ್ಲಿ ಮೊದಲ ಟೈಲನ್ನು ಪೂರ್ತಿ ಕಪ್ಪು ಮಾಡಿ. ಅದರ ಎರಡು ಅಂಚಿನಿಂದ ಎರಡು ಗೋಡೆಗೆ ಅಳತೆ ಹಾಕಿ. ಮುಂದೆ ಯಾವ ಕಡೆಗೆ ಹೋಗಬೇಕು ಅಂತ ಎರಡು ಬಾಣ. ಸ್ಪೇಸರ್ ಎಷ್ಟು ಅಂತ ಒಂದು ಸಾಲು, ಕನ್ನಡದಲ್ಲಿ. ಪೂರ್ತಿ ಟೈಲ್ ಎಷ್ಟು, ತುಂಡು ಎಷ್ಟು ಅಂತ ಎಣಿಸಿ ಬರೆಯಿರಿ. ಮೊನ್ನೆ ಒಂದು ಮನೆಗೆ ಇಂಥ ಹಾಳೆ ಕೊಟ್ಟಿದ್ದೆ. ಮೇಸ್ತ್ರಿ ಅದನ್ನು ಕಿಟಕಿ ಪಕ್ಕ ಮೊಳೆ ಹೊಡೆದು ಸಿಕ್ಕಿಸಿ, ಕಪ್ಪು ಚೌಕದ ಅಳತೆ ನೋಡಿ ನೂಲು ಕಟ್ಟಿದರು. ಸಂಜೆ ನಾನು ಹೋಗುವಷ್ಟರಲ್ಲಿ ನಾಲ್ಕು ಸಾಲು ಕೂತಿತ್ತು, ಹಾಳೆಯ ಮೇಲೆ ಕೂತ ಟೈಲಿಗೆಲ್ಲ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದರು.